ಪರದೆಯ ಅಂಕಿ ನೋಡಿ ಬಂಗಾರವೋ ಕಬ್ಬಿಣವೋ ಹೇಳಬಹುದೇ?

ಪ್ರಶ್ನೆ: ಜಮಖಂಡಿ ಕಡೆಯ ನಮ್ಮ ಎರೆ ಹೊಲದಲ್ಲಿ ಕಸ ತೆಗೆಯುವಾಗ ಮನೆಯವರ ಬಂಗಾರದ ಉಂಗುರ ಬಿದ್ದುಹೋಗಿದೆ. ಎರವಲು ತಂದ ಮೆಟಲ್ ಡಿಟೆಕ್ಟರ್ ಹೆಜ್ಜೆಗೊಮ್ಮೆ ಸದ್ದು ಮಾಡುತ್ತದೆ. ಅಗೆದರೆ ಎತ್ತಿನ ಲಾಳ, ಮೊಳೆ, ಮಾತ್ರೆಯ ಸ್ಟ್ರಿಪ್. ಪರದೆಯ ಅಂಕಿಯನ್ನು ನಂಬಿ ಎಲ್ಲಿ ಅಗೆಯಬೇಕು, ಎಲ್ಲಿ ಬಿಡಬೇಕು ಎಂದು ನಿರ್ಧರಿಸಬಹುದೇ?

ಉತ್ತರ: ಅಂಕಿಯೊಂದನ್ನೇ ನಂಬಿ ನಿರ್ಧರಿಸಲಾಗದು. ಆದರೆ ಅದೇ ಅಂಕಿಯನ್ನು ಬೇರೆ ಬೇರೆ ದಿಕ್ಕಿನಿಂದ ಪರೀಕ್ಷಿಸಿ, ಸದ್ದಿನ ಗುಣವನ್ನೂ ಗಮನಿಸಿದರೆ ವ್ಯರ್ಥವಾಗಿ ಅಗೆಯುವುದು ಬಹುಮಟ್ಟಿಗೆ ತಪ್ಪುತ್ತದೆ.

ಡಿಟೆಕ್ಟರ್‌ನ ತಳದ ತಟ್ಟೆಯಲ್ಲಿ, ಅಂದರೆ ಕಾಯಿಲ್‌ನಲ್ಲಿ, ತಂತಿಯ ಎರಡು ಸುರುಳಿಗಳಿರುತ್ತವೆ. ಒಂದರಲ್ಲಿ ಸೆಕೆಂಡಿಗೆ ಸಾವಿರಾರು ಸಲ ದಿಕ್ಕು ಬದಲಿಸುವ ವಿದ್ಯುತ್ ಹರಿದು ನೆಲದೊಳಗೆ ಕಾಂತಕ್ಷೇತ್ರ ಹರಡುತ್ತದೆ. ಅದಕ್ಕೆ ಸಿಕ್ಕ ಲೋಹದಲ್ಲಿ ಸುಳಿ ಪ್ರವಾಹಗಳು ಹುಟ್ಟುತ್ತವೆ. ಆ ಪ್ರವಾಹಗಳ ಕ್ಷೀಣ ಕ್ಷೇತ್ರವನ್ನು ಎರಡನೆಯ ಸುರುಳಿ ಗ್ರಹಿಸುತ್ತದೆ. ಹೋದ ಸಂಕೇತಕ್ಕೂ ಬಂದ ಸಂಕೇತಕ್ಕೂ ನಡುವಿನ ಅತ್ಯಲ್ಪ ವಿಳಂಬವನ್ನು ಅಳೆದು ಯಂತ್ರವು ಅದನ್ನೊಂದು ಅಂಕಿಯಾಗಿ, ಅನೇಕ ಮಾದರಿಗಳಲ್ಲಿ 0ಯಿಂದ 99ರ ಒಳಗೆ, ತೋರಿಸುತ್ತದೆ. ಈ ವಿಳಂಬವು ಲೋಹದ ವಿದ್ಯುದ್ವಾಹಕತೆಯ ಮೇಲೆ ಮಾತ್ರವಲ್ಲ, ವಸ್ತುವಿನ ಗಾತ್ರ, ದಪ್ಪ ಮತ್ತು ಆಕಾರದ ಮೇಲೂ ನಿಂತಿದೆ. ಸಾಮಾನ್ಯವಾಗಿ ಕಬ್ಬಿಣ ಕೆಳಗಿನ ಅಂಕಿಗಳಲ್ಲೂ ತಾಮ್ರ, ಬೆಳ್ಳಿ ಮೇಲಿನ ಅಂಕಿಗಳಲ್ಲೂ ಬರುತ್ತವೆ. ಬಂಗಾರದ ಉಂಗುರ ನಡುವೆ ಎಲ್ಲೋ ಬೀಳುತ್ತದೆ, ಮತ್ತು ದುರದೃಷ್ಟಕ್ಕೆ ಅಲ್ಯೂಮಿನಿಯಂ ಚೂರುಗಳ ಜಾಗವೂ ಅದೇ. ಮಾತ್ರೆಯ ಸ್ಟ್ರಿಪ್ಪಿನ ಕಾಟ ತಪ್ಪಲೆಂದು ಆ ವ್ಯಾಪ್ತಿಯ ಅಂಕಿಗಳನ್ನು ಯಂತ್ರದಲ್ಲಿ ತಡೆಹಿಡಿದರೆ ನಿಮ್ಮ ಉಂಗುರವೂ ಅದರ ಜೊತೆಗೇ ಮೌನವಾಗಬಹುದು. ಈ ಒಂದು ಕಾರಣಕ್ಕೆ, ಬಂಗಾರ ಹುಡುಕುವವರು ನಡುವಿನ ಅಂಕಿಯ ಸ್ಥಿರವಾದ ಸದ್ದನ್ನು ಅಗೆದು ನೋಡದೆ ಬೇರೆ ದಾರಿಯಿಲ್ಲ.

ಇನ್ನು ನಿಮ್ಮ ಮಣ್ಣಿನ ವಿಚಾರ. ವಿಜಯಪುರ, ಬೆಳಗಾವಿ ಜಿಲ್ಲೆಗಳ ಬಹುಭಾಗದ ಹಾಗೂ ಕೃಷ್ಣೆಯ ದಂಡೆಯ ಎರೆಮಣ್ಣಿಗೆ ಮೂಲವಾದ ಬಸಾಲ್ಟ್ ಶಿಲೆಯಲ್ಲಿ ಮ್ಯಾಗ್ನಟೈಟ್ ಎಂಬ ಕಬ್ಬಿಣದ ಖನಿಜವಿರುತ್ತದೆ. ಖಾನಾಪುರದ ಕಡೆಯ ಕೆಂಪು ಜಂಬಿಟ್ಟಿಗೆ ನೆಲದಲ್ಲೂ ಕಬ್ಬಿಣದ ಅಂಶ ಹೇರಳ. ಬಾದಾಮಿಯ ಮರಳುಗಲ್ಲಿನ ನೆಲದಲ್ಲಿ ಈ ತೊಡಕು ಸಾಮಾನ್ಯವಾಗಿ ಕಡಿಮೆ. ಖನಿಜ ಹೆಚ್ಚಿರುವಲ್ಲಿ ನೆಲವೇ ಯಂತ್ರಕ್ಕೆ ಉತ್ತರ ಕೊಡುತ್ತದೆ. ಆಳದ ವಸ್ತುವಿನ ಸಂಕೇತ ಅದರೊಡನೆ ಬೆರೆತು ಅಂಕಿ ತಪ್ಪುತ್ತದೆ, ಎಷ್ಟೋ ಸಲ ಕಬ್ಬಿಣದ ಕಡೆಗೆ ಜಾರುತ್ತದೆ. ಆದ್ದರಿಂದ ಹೊಲಕ್ಕೆ ಇಳಿದೊಡನೆ ಲೋಹವಿಲ್ಲದ ಒಂದು ತಾಣದಲ್ಲಿ ಕಾಯಿಲನ್ನು ಮೇಲೆ ಕೆಳಗೆ ಆಡಿಸಿ ಗ್ರೌಂಡ್ ಬ್ಯಾಲೆನ್ಸ್ ಮಾಡಿಕೊಳ್ಳಬೇಕು, ಅಂದರೆ ನೆಲದ ಉತ್ತರವನ್ನು ಯಂತ್ರ ಕಡೆಗಣಿಸುವಂತೆ ಹೊಂದಿಸಬೇಕು; ಎರೆಯಿಂದ ಮಸಾರಿಗೆ (ಕೆಂಪು ಮಣ್ಣಿಗೆ) ದಾಟಿದರೆ ಮತ್ತೊಮ್ಮೆ ಮಾಡಬೇಕು. ಸೆನ್ಸಿಟಿವಿಟಿಯನ್ನು ತುದಿಗೇರಿಸಿದರೆ ಆಳ ಸಿಗುತ್ತದೆ ಎಂಬ ನಂಬಿಕೆ ಇಂಥ ಮಣ್ಣಿನಲ್ಲಿ ತಿರುಗುಬಾಣವಾಗುತ್ತದೆ; ಯಂತ್ರದ ಚಡಪಡಿಕೆ ನಿಲ್ಲುವ ತನಕ ಅದನ್ನು ಇಳಿಸುವುದೇ ಸರಿ.

ಸದ್ದು ಬಂದ ಮೇಲೆ ಮಾಡುವ ಪರೀಕ್ಷೆಯೇ ನಿಜವಾದ ಕೆಲಸ. ಕಾಯಿಲನ್ನು ನೆಲಕ್ಕೆ ಸಮಾನಾಂತರವಾಗಿ, ತೂಗಿದಂತೆ ತುದಿ ಮೇಲೆತ್ತದೆ, ಆ ತಾಣದ ಮೇಲೆ ಚಿಕ್ಕದಾಗಿ ಆಡಿಸಿ ಅಂಕಿ ಗಮನಿಸಿರಿ. ಬಳಿಕ ನೀವೇ ಪಕ್ಕಕ್ಕೆ ಸರಿದು, ಮೊದಲಿನದಕ್ಕೆ ಅಡ್ಡಲಾಗಿ ಮತ್ತೆ ಆಡಿಸಿರಿ. ಎರಡೂ ದಿಕ್ಕಿನಲ್ಲಿ ಅಂಕಿ ಹೆಚ್ಚುಕಡಿಮೆ ಒಂದೇ ಆಗಿ, ಸದ್ದು ದುಂಡಗೆ ಕೇಳಿದರೆ ಅಗೆಯುವುದು ಸಾರ್ಥಕ. ಉದ್ದನೆಯ ಮೊಳೆ ಒಂದು ದಿಕ್ಕಿನಿಂದ ಚೆಂದದ ಅಂಕಿ ತೋರಿಸಿ ಅಡ್ಡ ದಿಕ್ಕಿನಲ್ಲಿ ಕಬ್ಬಿಣದ ಗೊರಗೊರ ಸದ್ದಿಗೆ ಇಳಿಯುತ್ತದೆ, ಅಥವಾ ಸದ್ದಿನ ಕೇಂದ್ರವೇ ಅತ್ತಿತ್ತ ಸರಿಯುತ್ತದೆ. ಲಾಳ ಮತ್ತು ವಾಷರ್ ಇನ್ನೂ ಮೋಸಗಾರ ವಸ್ತುಗಳು: ಚಪ್ಪಟೆಯಾಗಿರುವುದರಿಂದ, ನಡುವೆ ತೂತಿದ್ದರಂತೂ ಇನ್ನಷ್ಟು, ಕಬ್ಬಿಣವಾಗಿದ್ದರೂ ಬೆಳ್ಳಿಯ ಅಂಕಿಗೆ ಜಿಗಿಯುತ್ತವೆ. ಇವನ್ನು ಹಿಡಿಯಲು ತಡೆಗಳನ್ನೆಲ್ಲ ತೆಗೆದು ಆಲ್ ಮೆಟಲ್ ಸ್ಥಿತಿಗೆ ಬದಲಿಸಿ, ಸದ್ದಿನ ಅಂಚುಗಳಿಗೆ ಕಿವಿಗೊಡಬೇಕು. ನಡುವೆ ಮೇಲಿನ ಅಂಕಿ ಇದ್ದು ಅಂಚಿನಲ್ಲಿ ಕಬ್ಬಿಣದ ಸದ್ದು ಹೊರಟರೆ ಅನುಮಾನಿಸಿರಿ. ಕಾಯಿಲನ್ನು ಒಂದು ಗೇಣು ಮೇಲಕ್ಕೆತ್ತಿದರೂ ಸದ್ದು ಹಾಗೆಯೇ ಉಳಿದರೆ ಕೆಳಗಿರುವುದು ಉಂಗುರವಲ್ಲ, ಕುಂಟೆಯ ಕುಡ ಅಥವಾ ರೋಟವೇಟರ್ ಬ್ಲೇಡಿನಂಥ ದೊಡ್ಡ ವಸ್ತು. ಉಂಗುರದಂಥ ಸಣ್ಣ ವಸ್ತುವಿನ ಸಂಕೇತ ದೂರದೊಡನೆ ಬಲು ಬೇಗ ಸಾಯುತ್ತದೆ: ಕಾಯಿಲ್‌ನ ಅಗಲವನ್ನು ಮೀರಿದ ಆಳದಲ್ಲಿ, ಆ ಆಳ ಎರಡು ಪಟ್ಟಾದರೆ ಸಂಕೇತ ಸುಮಾರು 64 ಪಟ್ಟು ಕುಗ್ಗುತ್ತದೆ. ಪರದೆಯ ಮೇಲಿನ ಆಳದ ಸೂಚನೆಯನ್ನು ನಾಣ್ಯದ ಗಾತ್ರದ ವಸ್ತುವಿಗೆ ಹೊಂದಿಸಿರುವುದರಿಂದ, ಸಣ್ಣ ವಸ್ತುಗಳನ್ನು ಅದು ಇರುವುದಕ್ಕಿಂತ ಆಳದಲ್ಲಿ ತೋರಿಸುತ್ತದೆ.

ಆಭರಣದ ಆಕಾರವೂ ಲೆಕ್ಕಕ್ಕೆ ಬರುತ್ತದೆ. ಮುಚ್ಚಿದ ಉಂಗುರದಲ್ಲಿ ಪ್ರವಾಹ ಪೂರ್ತಿ ಸುತ್ತು ಹೊಡೆಯುತ್ತದೆ. ಬಾಯಿ ತೆರೆದ ಕಾಲುಂಗುರದಲ್ಲಿ ಆ ಸುತ್ತು ಕಡಿಯುವುದರಿಂದ, ಬೆಳ್ಳಿಯದಾದರೂ ಅದು ನಿರೀಕ್ಷೆಗಿಂತ ಕೆಳಗಿನ ಅಂಕಿ ಕೊಡುತ್ತದೆ. ಸರವಾಗಲಿ ಬೋರಮಾಳವಾಗಲಿ ತೂಕ ಎಷ್ಟಿದ್ದರೂ ಯಂತ್ರಕ್ಕೆ ಕಾಣುವುದು ಬಿಡಿಬಿಡಿ ಕೊಂಡಿ, ಬಿಡಿಬಿಡಿ ಗುಂಡು. ಆದ್ದರಿಂದ ಅವುಗಳ ಸದ್ದು ಉಂಗುರದ್ದಕ್ಕಿಂತ ದುರ್ಬಲ. ಬೇಸಿಗೆಯಲ್ಲಿ ಎರೆ ಬಿರಿದಾಗ ಬಿದ್ದ ಉಂಗುರ ಬಿರುಕಿನಲ್ಲಿ ಇಳಿದು ನೆಟ್ಟಗೆ ನಿಂತಿರುವ ಸಾಧ್ಯತೆಯಿದೆ. ಹಾಗೆ ನಿಂತ ಉಂಗುರ ಮಲಗಿದ ಉಂಗುರಕ್ಕಿಂತ ಕ್ಷೀಣವಾಗಿ ಕೇಳುತ್ತದೆ. ನಿಮಗೆ ನಾನು ಹೇಳುವ ಉಪಾಯವಿಷ್ಟೆ: ಕಳೆದದ್ದರ ಗಾತ್ರದ ಇನ್ನೊಂದು ಉಂಗುರಕ್ಕೆ ದಾರ ಕಟ್ಟಿ, ಅದೇ ಹೊಲದಲ್ಲಿ 5, 10, 15 ಸೆಂಟಿಮೀಟರ್ ಆಳದಲ್ಲಿ ಮಲಗಿಸಿಯೂ ನಿಲ್ಲಿಸಿಯೂ ಹೂತು, ಯಂತ್ರ ಏನು ಹೇಳುತ್ತದೆಂದು ಬರೆದುಕೊಳ್ಳಿರಿ. ಯಂತ್ರದ ಕೈಪಿಡಿಯಲ್ಲಿ ಅಚ್ಚಾದ ಪಟ್ಟಿಗಿಂತ ಈ ಚೀಟಿ ನಿಮ್ಮ ಹೊಲಕ್ಕೆ ಹೆಚ್ಚು ಸತ್ಯ.

ಪಂಪ್‌ಸೆಟ್ಟಿನ ವಿದ್ಯುತ್ ತಂತಿಯ ಕೆಳಗೆ, ಸೋಲಾರ್ ಬೇಲಿಯ ಹತ್ತಿರ ಯಂತ್ರ ತಾನಾಗಿ ಕಿರುಚಿದರೆ ಅದು ಲೋಹವಲ್ಲ. ಮೊಬೈಲನ್ನೂ ಬದುವಿನ ಮೇಲಿಟ್ಟು ಬನ್ನಿರಿ. ಇದೆಲ್ಲ ನಿಮ್ಮ ಸ್ವಂತ ಹೊಲದ ಮಾತು. ಬಾದಾಮಿ, ಐಹೊಳೆ, ಪಟ್ಟದಕಲ್ಲು, ವಿಜಯಪುರದಂಥ ಕಡೆ ಸಂರಕ್ಷಿತ ಸ್ಮಾರಕದ ಆವರಣದಲ್ಲಿ ಯಂತ್ರ ಹಿಡಿದು ನೆಲ ಕೆದಕುವುದು ಅಪರಾಧವಾಗುತ್ತದೆ. ಸ್ವಂತ ಹೊಲದಲ್ಲೇ ಹಳೆಯ ನಾಣ್ಯಗಳ ಗಂಟು ಸಿಕ್ಕರೂ ಅದನ್ನು ಇದ್ದಲ್ಲೇ ಬಿಟ್ಟು ತಹಶೀಲ್ದಾರರ ಮೂಲಕ ಜಿಲ್ಲಾಧಿಕಾರಿಗಳಿಗೆ ತಿಳಿಸಬೇಕು. ದೂರದಿಂದಲೇ ಬಂಗಾರ ತೋರಿಸುತ್ತದೆಂದು ಮಾರುವ ಜೋಡಿ ಕಡ್ಡಿಗಳಿಗೆ ದುಡ್ಡು ಹಾಕಬೇಡಿರಿ. ಅವುಗಳ ಹಿಂದೆ ಯಾವ ಭೌತಶಾಸ್ತ್ರವೂ ಇಲ್ಲ.

ಅಗೆಯುವಾಗ ಗುದ್ದಲಿಯನ್ನು ಸದ್ದಿನ ನಡುವಿಗೇ ಹಾಕದೆ ಸುತ್ತಲಿನಿಂದ ಹೆಂಟೆಯನ್ನು ಎಬ್ಬಿಸಿರಿ, ತೆಗೆದ ಮಣ್ಣನ್ನು ಒಂದು ಗೋಣಿತಟ್ಟಿನ ಮೇಲೆ ಹಾಕಿ ಅದರ ಮೇಲೂ ಕಾಯಿಲ್ ಆಡಿಸಿರಿ. ಲಾಳ ಸಿಕ್ಕಿತೆಂದು ಗುಂಡಿ ಮುಚ್ಚುವ ಮುನ್ನ ಮತ್ತೊಮ್ಮೆ ಪರೀಕ್ಷಿಸುವುದು ಅಗತ್ಯ, ಏಕೆಂದರೆ ದೊಡ್ಡ ಕಬ್ಬಿಣದ ಪಕ್ಕದಲ್ಲಿರುವ ಸಣ್ಣ ಬಂಗಾರದ ಸದ್ದನ್ನು ಆ ಕಬ್ಬಿಣವೇ ನುಂಗಿರಬಹುದು.