ಸ್ಕ್ಯಾನ್ ಯಾವ ತಲೆನೋವಿಗೆ? ನೂರು ವರ್ಷದ ಹುಡುಕಾಟ

ತುರ್ತು ವಿಭಾಗಕ್ಕೆ ಬರುವ ನೂರು ಜನರಲ್ಲಿ ಸುಮಾರು ಇಬ್ಬರು ತಲೆನೋವು ಅಂತಲೇ ಬರುತ್ತಾರೆ. ಹೆಚ್ಚಿನವರದ್ದು ಮೈಗ್ರೇನ್‌ನಂಥ, ಜೀವಕ್ಕೆ ಕುತ್ತು ತರದ ನೋವು. ಎಲ್ಲೋ ಒಬ್ಬರಿಗೆ ಮಾತ್ರ ರಕ್ತನಾಳದ ಉಬ್ಬು ಒಡೆದು, ಮಿದುಳಿನ ಸುತ್ತ ರಕ್ತ ಹರಡಿರುತ್ತದೆ. ಆ ಒಬ್ಬರನ್ನು ಗುರುತಿಸುವುದು ಹೇಗೆ?

ಮೊದಲೆಲ್ಲ ಎಕ್ಸ್‌ರೇಯಲ್ಲಿ ಬುರುಡೆ ಕಾಣುತ್ತಿತ್ತು, ಮಿದುಳು ಕಾಣುತ್ತಿರಲಿಲ್ಲ. 1919ರಲ್ಲಿ ಅಮೆರಿಕದ ವಾಲ್ಟರ್ ಡ್ಯಾಂಡಿ, ಬೆನ್ನುಮೂಳೆಯಿಂದ ದ್ರವ ತೆಗೆದು ಗಾಳಿ ತುಂಬಿ ಮಿದುಳಿನ ಚಿತ್ರ ತೆಗೆಯುವ ದಾರಿ ತೋರಿಸಿದರು. ಆ ಪರೀಕ್ಷೆಯೇ ಸಹಿಸಲಾಗದ ತಲೆನೋವು ತರುತ್ತಿತ್ತು. ಸುಮ್ನೆ ಅನುಮಾನಕ್ಕೆ ಮಾಡಿಸುವಂಥದ್ದಲ್ಲ, ಅಲ್ವಾ?

1971ರ ಅಕ್ಟೋಬರ್ 1ರಂದು ಲಂಡನ್‌ನ ಅಟ್ಕಿನ್ಸನ್ ಮಾರ್ಲೆ ಆಸ್ಪತ್ರೆಯಲ್ಲಿ ಮೊದಲ ಸಿಟಿ ಸ್ಕ್ಯಾನ್ ಆಯಿತು. ಯಂತ್ರ ರೂಪಿಸಿದ್ದು ಎಂಜಿನಿಯರ್ ಗಾಡ್‌ಫ್ರೆ ಹೌನ್ಸ್‌ಫೀಲ್ಡ್. ಮಿದುಳನ್ನು ಮುಟ್ಟದೆ ನೋಡುವುದು ಸಾಧ್ಯವಾಯಿತು. ತೊಡಕು ಶುರುವಾದದ್ದೂ ಅಲ್ಲಿಂದಲೇ. ಎಲ್ಲರಿಗೂ ಮಾಡಿಸಿದರೆ ವಿಕಿರಣ, ಕಾಯುವ ಸಾಲು, ಬೇಡದ ಭಯ ಜಾಸ್ತಿ. ಮಾಡಿಸದಿದ್ದರೆ? 2004ರಲ್ಲಿ ಅಮೆರಿಕದಿಂದ ಬಂದ ಒಂದು ಅಧ್ಯಯನದಲ್ಲಿ, ಹೀಗೆ ರಕ್ತ ಸೋರಿದ 482 ಜನರ ಪೈಕಿ 56 ಮಂದಿಯ ಕಾಯಿಲೆ ಮೊದಲ ಭೇಟಿಯಲ್ಲಿ ತಪ್ಪಿಹೋಗಿತ್ತು. ಆ 56 ಮಂದಿಯಲ್ಲಿ ಹೆಚ್ಚಿನವರಿಗೆ ಸಿಟಿ ಮಾಡಿಸಿರಲೇ ಇಲ್ಲ. ಇದು ನನ್ನನ್ನು ತುಂಬಾ ಕಾಡುವ ಲೆಕ್ಕ.

ಕೆನಡಾದ ಜೆಫ್ರಿ ಪೆರ್ರಿ ಮತ್ತು ಸಂಗಡಿಗರು ಈ ಗೊಂದಲಕ್ಕೆ ಒಂದು ಅಳತೆಗೋಲು ಹುಡುಕಿದರು. 2013ರಲ್ಲಿ ಬಂದ ಅದರ ಹೆಸರು ಒಟ್ಟಾವಾ ನಿಯಮ. ಪೆಟ್ಟು ಬೀಳದೆ ಶುರುವಾಗಿ ಒಂದು ಗಂಟೆಯೊಳಗೆ ತುತ್ತತುದಿಗೇರಿದ ನೋವು, ಎಚ್ಚರವಾಗಿರುವ ರೋಗಿ: ಇಂಥವರಿಗೆ ಮಾತ್ರ ಇದು. ವಯಸ್ಸು 40 ಅಥವಾ ಹೆಚ್ಚು, ಕತ್ತು ನೋವು ಅಥವಾ ಬಿಗಿತ, ಬೇರೆಯವರು ಕಂಡಂತೆ ಪ್ರಜ್ಞೆ ತಪ್ಪಿದ್ದು, ಶ್ರಮದ ಹೊತ್ತಲ್ಲಿ ಶುರುವಾದದ್ದು, ಸಿಡಿಲು ಹೊಡೆದಂತೆ ಥಟ್ಟನೆ ಬಂದದ್ದು, ಪರೀಕ್ಷಿಸಿದಾಗ ಕತ್ತು ಬಗ್ಗದಿರುವುದು. ಇವುಗಳಲ್ಲಿ ಒಂದಿದ್ದರೂ ಮುಂದಿನ ತಪಾಸಣೆ ಬೇಕು. ಅವರ ಅಧ್ಯಯನದ 2131 ಜನರಲ್ಲಿ ರಕ್ತ ಸೋರಿದ 132 ಮಂದಿಯೂ ಈ ಬಲೆಗೆ ಸಿಕ್ಕರು. ಆದರೆ ಸೋರಿಕೆ ಇಲ್ಲದವರಲ್ಲಿ ಈ ನಿಯಮ ತಪಾಸಣೆ ಬೇಡ ಅಂತ ಬಿಟ್ಟದ್ದು ನೂರಕ್ಕೆ 15 ಜನರನ್ನು ಮಾತ್ರ. ಅಂದರೆ ಇದು ಸ್ಕ್ಯಾನ್ ಕಡಿಮೆ ಮಾಡುವ ನಿಯಮವಲ್ಲ, ಯಾರೂ ತಪ್ಪಿಹೋಗದಂತೆ ಕಾಯುವ ನಿಯಮ. ನನಗೆ ಅದು ಸರಿ ಅನ್ನಿಸುತ್ತದೆ.

ಗಡಿಯಾರಕ್ಕೂ ಇಲ್ಲಿ ಬೆಲೆಯಿದೆ. ಹೊಸ ರಕ್ತ ಸಿಟಿಯಲ್ಲಿ ಬೆಳ್ಳಗೆ ಕಾಣುತ್ತದೆ, ಹೊತ್ತು ಕಳೆದಂತೆ ಮಿದುಳಿನ ಸುತ್ತಲಿನ ದ್ರವದಲ್ಲಿ ಬೆರೆತು ಮಸುಕಾಗುತ್ತದೆ. ನೋವು ಶುರುವಾದ 6 ಗಂಟೆಯೊಳಗೆ ಒಳ್ಳೆಯ ಯಂತ್ರದಲ್ಲಿ ತೆಗೆದು, ನುರಿತವರು ನೋಡಿದ ಸ್ಕ್ಯಾನ್ ಸರಿಯಿದ್ದರೆ ಅದನ್ನು ನಂಬಬಹುದು. ತಡವಾದರೆ ಬೆನ್ನುಮೂಳೆಯ ದ್ರವ ಪರೀಕ್ಷೆಯೋ, ರಕ್ತನಾಳಗಳ ಸಿಟಿಯೋ ಬೇಕಾಗುತ್ತದೆ. ಮಾತ್ರೆಯಿಂದ ನೋವು ಇಳಿಯಿತು ಅಂತ ಮಾತ್ರ ಯಾರನ್ನೂ ಮನೆಗೆ ಕಳಿಸುವಂತಿಲ್ಲ. ರಕ್ತ ಸೋರಿದ ನೋವೂ ಔಷಧಿಗೆ ಇಳಿಯುತ್ತದೆ.