ಹಳೇ ಔಟ್‌ಬೋರ್ಡ್ ಎಂಜಿನ್ ಕೊಳ್ಳುವ ಮುನ್ನ ಉಪ್ಪಿನ ಗುರುತು ಹುಡುಕಿ

ನಾಡದೋಣಿಗೆ ಸೆಕೆಂಡ್ ಹ್ಯಾಂಡ್ ಔಟ್‌ಬೋರ್ಡ್ ಎಂಜಿನ್, ಅಂದರೆ ದೋಣಿಯ ಹಿಂಬದಿಗೆ ಹೊರಗಡೆ ಕೂರಿಸುವ ಎಂಜಿನ್ ನೋಡಲು ಹೋದವರು ಮೊದಲು ಕೇಳುವುದು ಎರಡೇ ಪ್ರಶ್ನೆ. ಎಷ್ಟು ಹೆಚ್‌ಪಿ? ಯಾವ ವರ್ಷದ್ದು? ಹೆಚ್‌ಪಿ ಕೇಳಲೇಬೇಕು. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ ಇರುತ್ತದೆ. 10 ಹೆಚ್‌ಪಿವರೆಗಿನ ಎಂಜಿನ್ ಹಾಕಿದ ನಾಡದೋಣಿಗಳಿಗೆ ವಿನಾಯಿತಿ ಇದೆ. ಹಾಗಾಗಿ 9.9 ಹೆಚ್‌ಪಿ ಎಂಜಿನ್ ಮಳೆಗಾಲದಲ್ಲೂ ಕೆಲಸಕ್ಕೆ ಬರುತ್ತದೆ. ಆದರೆ ವರ್ಷ ನೋಡಿ ಬೆಲೆ ಕಟ್ಟಬೇಡಿ. ಹತ್ತು ವರ್ಷದ ಎಂಜಿನ್ ಗಟ್ಟಿಯಾಗಿರಬಹುದು, ಮೂರು ವರ್ಷದ್ದು ಮುಗಿದೇ ಹೋಗಿರಬಹುದು. ಕಡಲ ನೀರು ಅದರೊಳಗೆ ಏನು ಮಾಡಿಟ್ಟಿದೆ ಅನ್ನೋದೇ ಮುಖ್ಯ.

ಈ ಎಂಜಿನ್‌ಗೆ ರೇಡಿಯೇಟರ್ ಇಲ್ಲ. ಕೆಳಭಾಗದಲ್ಲಿರುವ ರಬ್ಬರ್ ರೆಕ್ಕೆಯ ಸಣ್ಣ ಪಂಪು ಕಡಲ ನೀರನ್ನೇ ಮೇಲೆತ್ತಿ ಸಿಲಿಂಡರ್ ಸುತ್ತ ಹರಿಸುತ್ತದೆ. ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಲವಣ ಇರುತ್ತದೆ. ಎಂಜಿನ್ ನಿಂತ ಮೇಲೆ ಒಳಗೆ ಉಳಿದ ನೀರು ಆರಿ ಉಪ್ಪು ಕೂರುತ್ತದೆ. ಇದಕ್ಕೆ ಸುಮ್ನೆ ಹೆದರಬೇಕಿಲ್ಲ, ಸಿಹಿನೀರು ಹರಿಸಿದರೆ ಕರಗಿ ಹೋಗುತ್ತದೆ. ನಿಜವಾದ ತೊಂದರೆ ಕ್ಯಾಲ್ಸಿಯಂನದು. ಸಕ್ಕರೆ ಬಿಸಿನೀರಿನಲ್ಲಿ ಜಾಸ್ತಿ ಕರಗುತ್ತದೆ ಅಲ್ವಾ? ಕ್ಯಾಲ್ಸಿಯಂ ಕಾರ್ಬೊನೇಟ್ ಹಾಗಲ್ಲ. ನೀರು ಬಿಸಿಯಾದಷ್ಟೂ ಅದು ನೀರು ಬಿಟ್ಟು ಲೋಹಕ್ಕೆ ಅಂಟುತ್ತದೆ. ಪದರ ದಪ್ಪವಾದರೆ ಶಾಖ ಹೊರಗೆ ಹೋಗುವುದಿಲ್ಲ. ಎಂಜಿನ್ ಇನ್ನಷ್ಟು ಕಾಯುತ್ತದೆ, ಪದರ ಇನ್ನಷ್ಟು ಬೆಳೆಯುತ್ತದೆ.

ಎಂಜಿನ್ ಓಡುವಾಗ ಪಕ್ಕದ ಸಣ್ಣ ತೂತಿನಿಂದ ನೀರು ಚಿಮ್ಮುತ್ತದೆ. ಅದನ್ನು ನೋಡಿ ಎಷ್ಟೋ ಜನ ಸಮಾಧಾನ ಪಡುತ್ತಾರೆ. ಆ ನೀರು ಹೇಳುವುದು ಪಂಪು ಸರಿ ಇದೆ ಅಂತ ಮಾತ್ರ. ಸಿಲಿಂಡರ್ ಸುತ್ತಲಿನ ದಾರಿ ಕಟ್ಟಿದೆಯೇ ಅಂತ ಅದರಿಂದ ಗೊತ್ತಾಗಲಿಕ್ಕಿಲ್ಲ. ಥರ್ಮೋಸ್ಟಾಟ್ (ಎಂಜಿನ್ನಿನ ಬಿಸಿಗೆ ತಕ್ಕಂತೆ ನೀರಿನ ಹರಿವು ಹೆಚ್ಚು ಕಡಿಮೆ ಮಾಡುವ ಕವಾಟ) ಇದ್ದರೆ ಅದರ ಮುಚ್ಚಳ ಬಿಚ್ಚಿಸಿ. ಒಳಗೆ ಬಿಳಿ ಹೆಕ್ಕಳೆ ಕಂಡರೆ, ಸಿಲಿಂಡರ್ ಹೆಡ್ಡಿನ ಬಣ್ಣ ಗುಳ್ಳೆ ಎದ್ದಿದ್ದರೆ, ಎಂಜಿನ್ ವಿಪರೀತ ಕಾದಿದೆ ಎಂದೇ ನಾನು ಲೆಕ್ಕ ಹಾಕುತ್ತೇನೆ.

ಆಮೇಲೆ ಪ್ರೊಪೆಲ್ಲರ್ ಮೇಲ್ಗಡೆ ಬೋಲ್ಟ್ ಹಾಕಿ ಕೂರಿಸಿದ ಸತುವಿನ ತುಂಡು, ಅಂದರೆ ಆನೋಡ್ ನೋಡಿ. ಬೇರೆ ಬೇರೆ ಲೋಹಗಳು ಒಂದಕ್ಕೊಂದು ತಾಗಿಕೊಂಡು ಉಪ್ಪುನೀರಿನಲ್ಲಿದ್ದರೆ ಸಣ್ಣಗೆ ವಿದ್ಯುತ್ ಹರಿಯುತ್ತದೆ, ಒಂದು ಲೋಹ ಕರಗುತ್ತದೆ. ಅಲ್ಯೂಮಿನಿಯಂ ಕವಚದ ಬದಲು ಸತು ಕರಗಲಿ ಅಂತ ಈ ಏರ್ಪಾಡು. ಇದನ್ನು ಹಡಗುಗಳಿಗೆ ಮೊದಲು ತಂದದ್ದು ಇಂಗ್ಲೆಂಡಿನ ವಿಜ್ಞಾನಿ ಹಂಫ್ರಿ ಡೇವಿ. 1824ರಲ್ಲಿ ಬ್ರಿಟಿಷ್ ನೌಕಾಪಡೆಯ ಹಡಗುಗಳ ತಾಮ್ರದ ಹೊದಿಕೆ ಉಳಿಸಲು ಸತು, ಕಬ್ಬಿಣದ ತುಂಡುಗಳನ್ನು ಕೂರಿಸಿದರು. ತಾಮ್ರ ಉಳಿಯಿತು. ಆದರೆ ತಾಮ್ರ ಕರಗದೇ ಇದ್ದದ್ದರಿಂದ ಅದರ ವಿಷವೂ ನೀರಿಗೆ ಬಿಡಲಿಲ್ಲ, ಹಡಗಿನ ತಳಕ್ಕೆ ಕಡಲಜೀವಿಗಳು ಮೆತ್ತಿಕೊಂಡವು! ನಿಮ್ಮ ಎಂಜಿನ್ನಿನ ಆನೋಡ್ ಅರ್ಧ ಸವೆದಿದ್ದರೆ ಒಳ್ಳೆಯದು, ಅದು ಕೆಲಸ ಮಾಡಿದೆ. ಹಳೇ ಆನೋಡ್ ಹೊಸದರಂತೆ ಇದ್ದು ಪಕ್ಕದ ಅಲ್ಯೂಮಿನಿಯಂ ಪುಡಿ ಪುಡಿಯಾಗಿದ್ದರೆ ಅನುಮಾನ ಪಡಿ. ಅದರ ಮೇಲೆ ಯಾರೋ ಪೇಂಟ್ ಬಳಿದಿರಬಹುದು.

ಗೇರ್ ಆಯಿಲ್‌ನ ಕೆಳಗಿನ ಸ್ಕ್ರೂ ಸ್ವಲ್ಪ ಸಡಿಲಿಸಿ ಎರಡು ಹನಿ ಬೆರಳಿಗೆ ಹಚ್ಚಿಕೊಳ್ಳಿ. ಹಾಲಿನಂತೆ ಬೆಳ್ಳಗಿದ್ದರೆ ನೀರು ಸೇರಿದೆ. ಬಲೆಯ ನೂಲು ಪ್ರೊಪೆಲ್ಲರ್ ಶಾಫ್ಟಿಗೆ ಸುತ್ತಿಕೊಂಡು ನೀರು ಒಳಬರದಂತೆ ತಡೆಯುವ ಸೀಲ್ ಕತ್ತರಿಸುವುದು ಮಾಮೂಲು. ಸೀಲ್ ಅಗ್ಗ, ಗೇರ್ ದುಬಾರಿ.

ನೀವು ಬರುವವರೆಗೆ ಎಂಜಿನ್ ಸ್ಟಾರ್ಟ್ ಮಾಡಬೇಡಿ ಅಂತ ಮಾರುವವರಿಗೆ ಮೊದಲೇ ಹೇಳಿಡಿ. ಬಿಸಿ ಎಂಜಿನ್ ಸುಲಭವಾಗಿ ಸ್ಟಾರ್ಟ್ ಆಗುತ್ತದೆ, ಅದರಿಂದ ಏನೂ ತಿಳಿಯದು. ಮೆಕ್ಯಾನಿಕ್ ಕೈಲಿ ಕಂಪ್ರೆಷನ್, ಅಂದರೆ ಸಿಲಿಂಡರ್ ಒಳಗೆ ಎಷ್ಟು ಒತ್ತಡ ಹುಟ್ಟುತ್ತದೆ ಅಂತ ನೋಡಿಸಿ. ಎರಡು ಸಿಲಿಂಡರ್‌ಗಳ ನಡುವೆ ಶೇ. 10ಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಬೇರೆ ಎಂಜಿನ್ ಹುಡುಕಿ. ಸೀಮೆಎಣ್ಣೆ ಎಂಜಿನ್ ಆದರೆ ಅದನ್ನು ಮೊದಲು ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡುತ್ತಾರೆ; ಅದರಲ್ಲಿ ಚೆನ್ನಾಗಿ ಓಡಿತು ಅಂತ ಅಲ್ಲಿಗೇ ಬಿಡಬೇಡಿ. ಸೀಮೆಎಣ್ಣೆ ಸುಲಭಕ್ಕೆ ಆವಿಯಾಗುವುದಿಲ್ಲ, ಪ್ಲಗ್ಗಿಗೆ ಮಸಿ ಹಿಡಿಸುತ್ತದೆ. ಎಂಜಿನ್ ಕಾದ ಮೇಲೆ ಸೀಮೆಎಣ್ಣೆಗೆ ಬದಲಿಸಿ, ವೇಗ ಪೂರ್ತಿ ಇಳಿಸಿ, ಹತ್ತು ನಿಮಿಷ ನಿಲ್ಲದೆ ಓಡುತ್ತದೆಯೇ ನೋಡಿ. ಆಮೇಲೆ ಬೆಲೆ ಮಾತಾಡಿ.