ಕುಂಚಬರಹದ ಅಮೂರ್ತ ಚಿತ್ರ ಅಂದರೇನು?

ಚೀನಾದಲ್ಲಿ ಹುಟ್ಟಿ ಪ್ಯಾರಿಸ್‌ಗೆ ಹೋದ ಚಿತ್ರಕಾರ ಝಾವೊ ವೂ-ಕಿ ಅವರ ದೊಡ್ಡ ಕ್ಯಾನ್ವಾಸುಗಳನ್ನು ಮೊದಲ ಸಲ ನೋಡಿದವರು ಸಾಮಾನ್ಯವಾಗಿ ಕೇಳುವುದು ಒಂದೇ: ಇದು ಮೋಡವಾ, ಸಮುದ್ರವಾ, ಸುಮ್ನೆ ಬಣ್ಣವಾ? ಈ ಬಗೆಯ ಚಿತ್ರಗಳಿಗೆ ಕ್ಯಾಲಿಗ್ರಫಿಕ್ ಅಬ್‌ಸ್ಟ್ರಾಕ್ಷನ್ ಅನ್ನುತ್ತಾರೆ. ನಾವು ಕುಂಚಬರಹದ ಅಮೂರ್ತ ಚಿತ್ರ ಅನ್ನೋಣ. ಚೀನಾ, ಜಪಾನ್, ಕೊರಿಯಾಗಳಲ್ಲಿ ಕುಂಚ ಹಿಡಿದು ಅಕ್ಷರ ಬರೆಯುವ ಕಲೆಯಿಂದ ಗೆರೆಯನ್ನೂ, ಗಾಳಿ ನೀರು ಬೆಟ್ಟಗಳಿಂದ ಆ ಗೆರೆಯ ಓಟವನ್ನೂ ಪಡೆದು, ಯಾವ ವಸ್ತುವನ್ನೂ ಗುರುತಾಗುವಂತೆ ಬಿಡಿಸದೆ ಮಾಡುವ ಚಿತ್ರ ಇದು.

ಪ್ಯಾರಿಸ್, ನ್ಯೂಯಾರ್ಕ್‌ನ ಅಮೂರ್ತ ಕಲೆಗೆ ಹಾಕಿದ ಏಷ್ಯಾದ ಒಗ್ಗರಣೆ ಅಂತ ಇದನ್ನು ನೋಡುವವರಿದ್ದಾರೆ. ನಾನು ಒಪ್ಪುವುದಿಲ್ಲ. ಬೇರು ತುಂಬಾ ಹಳೆಯದು.

ಕುಂಚಬರಹ ಪ್ರಕೃತಿಯನ್ನು ನೋಡಿಯೇ ಕಲಿತ ವಿದ್ಯೆ. ವೆಯ್ ಶುವೊ ಎಂಬ ಮಹಿಳೆ 4ನೇ ಶತಮಾನದವರು, ಚೀನಾದ ಅತಿ ಹೆಸರುವಾಸಿ ಕುಂಚಬರಹಗಾರ ವಾಂಗ್ ಶೀಝಿಯ ಗುರು. ಅವರದೆಂದು ಹೇಳುವ ಒಂದು ಪಾಠದ ಪ್ರಕಾರ ಚುಕ್ಕೆ ಎತ್ತರದ ಶಿಖರದಿಂದ ಬಿದ್ದ ಕಲ್ಲಿನಂತಿರಬೇಕು, ಅಡ್ಡಗೆರೆ ದೂರದವರೆಗೆ ಹರಡಿದ ಮೋಡದಂತಿರಬೇಕು, ಉದ್ದಗೆರೆ ಬಹಳ ಹಳೆಯ ಒಣಬಳ್ಳಿಯಂತಿರಬೇಕು. ಕಲ್ಲಿನ ಚಿತ್ರ ಬಿಡಿಸಿ ಅಂತ ಹೇಳಿಲ್ಲ ನೋಡಿ. ಕಲ್ಲು ಬೀಳುವ ಭಾರ ಕೈಗೆ ಬರಲಿ ಅಂತ ಹೇಳಿರುವುದು.

8ನೇ ಶತಮಾನದಲ್ಲಿ, ಚೀನಾವನ್ನು ತಾಂಗ್ ರಾಜವಂಶ ಆಳುತ್ತಿದ್ದ ಕಾಲದಲ್ಲಿ, ಇದು ಇನ್ನೂ ಮುಂದೆ ಹೋಯಿತು. ಝಾಂಗ್ ಶು, ಹುವಾಯ್‌ಸು ಇಬ್ಬರೂ ಬರೆದ ಶೈಲಿಗೆ ಕ್ವಾಂಗ್‌ತ್ಸಾವ್ ಅಂತ ಹೆಸರು. ಅಕ್ಷರಕ್ಕೆ ಅಕ್ಷರ ಸೇರಿಕೊಂಡು, ಒಂದೇ ಉಸಿರಿನಲ್ಲಿ ಓಡುವ ಬರಹ. ಚೀನೀ ಓದಬಲ್ಲವರಿಗೂ ಸುಲಭವಾಗಿ ಓದಲು ಬಾರದು. ಹುವಾಯ್‌ಸು ಬೌದ್ಧ ಭಿಕ್ಷು, ಕಾಗದ ಕೊಳ್ಳಲು ಹಣವಿಲ್ಲದೆ ಬಾಳೆ ಎಲೆಯ ಮೇಲೆ ಅಭ್ಯಾಸ ಮಾಡಿದ ಅಂತ ಕಥೆ. ನನಗೆ ತುಂಬಾ ಇಷ್ಟವಾದದ್ದು ಆತನ ಮತ್ತು ಅದೇ ಕಾಲದ ಇನ್ನೊಬ್ಬ ಕುಂಚಬರಹಗಾರ ಯಾನ್ ಝೆನ್‌ಚಿಂಗ್ ನಡುವೆ ನಡೆಯಿತೆನ್ನುವ ಮಾತುಕತೆ. ಬೇಸಿಗೆಯ ಮೋಡಗಳು ಶಿಖರಗಳಂತೆ ಏಳುವುದನ್ನು ನೋಡಿ ಕಲಿಯುತ್ತೇನೆ ಅಂದನಂತೆ ಹುವಾಯ್‌ಸು. ಅದಕ್ಕೆ ಯಾನ್, ಸೋರುವ ಮನೆಯ ಗೋಡೆಯ ಮೇಲಿನ ನೀರಿನ ಗುರುತು ಹೇಗೆ ಅಂತ ಕೇಳಿದನಂತೆ. ಮಳೆಗಾಲದಲ್ಲಿ ಮಣ್ಣಿನ ಗೋಡೆ ನೋಡಿದವರಿಗೆ ಇದು ಗೊತ್ತು: ಹನಿ ನೇರ ಇಳಿಯುವುದಿಲ್ಲ, ತಡೆಯುತ್ತದೆ, ತುಂಬಿಕೊಳ್ಳುತ್ತದೆ, ದಾರಿ ಹುಡುಕಿಕೊಂಡು ಮತ್ತೆ ಜಾರುತ್ತದೆ. ಒಳ್ಳೆಯ ಗೆರೆಯೂ ಹಾಗೆ ಇಳಿಯಬೇಕು. ಅಮೂರ್ತ ಚಿತ್ರದ ತಿರುಳು ಆಗಲೇ ಇಲ್ಲಿ ಸಿಕ್ಕಿತ್ತು ಅಲ್ವಾ?

ಸಾಮಗ್ರಿಯ ಪಾಲೂ ಜಾಸ್ತಿ ಇದೆ. ಕುಂಚದ ಕೂದಲು ಮೆತ್ತಗಿರುತ್ತದೆ, ಕಾಗದ ಮಸಿಯನ್ನು ತಕ್ಷಣ ಹೀರುತ್ತದೆ, ಅಳಿಸಲು ಆಗುವುದಿಲ್ಲ. ಕೈ ತಡೆದರೆ ಮಸಿ ಹರಡುತ್ತದೆ. ಮಸಿ ಕಡಿಮೆಯಿರುವ ಕುಂಚವನ್ನು ವೇಗವಾಗಿ ಎಳೆದರೆ ಗೆರೆಯ ಒಳಗೆ ಕಾಗದದ ಬಿಳಿ ಸೀಳುಸೀಳಾಗಿ ಉಳಿಯುತ್ತದೆ, ಅದಕ್ಕೆ ಫೆಯ್‌ಬಾಯ್, ಹಾರುವ ಬಿಳಿ ಅನ್ನುತ್ತಾರೆ. ಹಾಗಾಗಿ ಗೆರೆ ಎಲ್ಲಿ ಶುರುವಾಯಿತು, ಎಲ್ಲಿ ಅವಸರವಾಯಿತು, ಎಲ್ಲಿ ಮಸಿ ಮುಗಿಯಿತು ಎಲ್ಲವೂ ಕಣ್ಣಿಗೆ ಕಾಣುತ್ತದೆ. ಇಂಥ ಚಿತ್ರದ ಮುಂದೆ ನಿಂತಾಗ ಏನು ಕಾಣುತ್ತಿದೆ ಅಂತ ಹುಡುಕುವ ಬದಲು ಒಂದು ಗೆರೆಯನ್ನು ಹಿಡಿದು ಅದು ಹೋದ ದಾರಿಯಲ್ಲೇ ಕಣ್ಣನ್ನು ನಡೆಸಿ. ಆಗ ಚಿತ್ರ ತೆರೆದುಕೊಳ್ಳುತ್ತದೆ.

ಈಗ ಝಾವೊ ವೂ-ಕಿಗೆ ಬರೋಣ. 1920ರಲ್ಲಿ ಬೀಜಿಂಗ್‌ನಲ್ಲಿ ಹುಟ್ಟಿದವರು. ಚಿಕ್ಕಂದಿನಲ್ಲಿ ಕುಂಚಬರಹ ಕಲಿಸಿದ್ದು ಅಜ್ಜ. ಹಾಂಗ್‌ಝೌನ ಕಲಾಶಾಲೆಯಲ್ಲಿ ಓದಿ 1948ರಲ್ಲಿ ಪ್ಯಾರಿಸ್‌ಗೆ ಹೋದರು. ಚೀನೀ ಕಲಾವಿದ ಅಂದರೆ ಮಸಿಚಿತ್ರವೇ ಅಂತ ಜನ ಅಂದುಕೊಳ್ಳುವುದು ಬೇಡವೆಂದು ಮಸಿಯನ್ನು ಬಿಟ್ಟು ಎಣ್ಣೆಬಣ್ಣ ಹಿಡಿದರು. ದಾರಿ ತಿರುಗಿದ್ದು 1951ರಲ್ಲಿ, ಸ್ವಿಟ್ಜರ್ಲೆಂಡ್‌ನಲ್ಲಿ ಚಿತ್ರಕಾರ ಪಾಲ್ ಕ್ಲೇ ಅವರ ಚಿತ್ರಗಳನ್ನು ನೋಡಿದಾಗ. ಆ ಚಿಕ್ಕ ಚಿಕ್ಕ ಗುರುತುಗಳು ಅವರಿಗೆ ತಮ್ಮದೇ ಊರಿನ ಲಿಪಿಯ ಕಡೆ ದಾರಿ ತೋರಿಸಿದವು. 1954ರ ‘ಗಾಳಿ’ ಅವರ ಮೊದಲ ಅಮೂರ್ತ ಚಿತ್ರವೆಂದು ಹೆಸರಾಗಿದೆ. ಅದರಲ್ಲಿ ಮೂಳೆಗಳ ಮೇಲೆ ಕೊರೆಯುತ್ತಿದ್ದ ಪ್ರಾಚೀನ ಚೀನೀ ಅಕ್ಷರಗಳನ್ನು ಹೋಲುವ ಗುರುತುಗಳು ಮೇಲಿನಿಂದ ಕೆಳಗೆ ನಡುಗುತ್ತಾ ಇಳಿಯುತ್ತವೆ. ಓದಲು ಹೋದರೆ ಒಂದೂ ಅಕ್ಷರವಲ್ಲ. ಆಮೇಲೆ ಆ ಗುರುತುಗಳೂ ಕರಗಿದವು, ಕುಂಚದ ಬೀಸು ಮಾತ್ರ ಉಳಿಯಿತು. 1950ರ ದಶಕದ ಕೊನೆಯಿಂದ ಚಿತ್ರಗಳಿಗೆ ಹೆಸರು ಕೊಡುವುದನ್ನೂ ಹೆಚ್ಚುಕಡಿಮೆ ಬಿಟ್ಟು ತಾರೀಕು ಮಾತ್ರ ಹಾಕತೊಡಗಿದರು. 1970ರ ದಶಕದ ಆರಂಭದಲ್ಲಿ, ಹೆಂಡತಿಯ ಕಾಯಿಲೆಯ ಕಷ್ಟದ ದಿನಗಳಲ್ಲಿ, ಕವಿ ಮಿತ್ರ ಆನ್ರಿ ಮಿಶೋ ಹುರಿದುಂಬಿಸಿದ ಮೇಲೆ ಮತ್ತೆ ಮಸಿ ಕೈಗೆತ್ತಿಕೊಂಡರು. ಅವರ 1985ರ ಮೂರು ಭಾಗಗಳ ಚಿತ್ರ ಸುಮಾರು 10 ಮೀಟರ್ ಅಗಲವಿದೆ. 2018ರಲ್ಲಿ ಹಾಂಗ್‌ಕಾಂಗ್ ಹರಾಜಿನಲ್ಲಿ ಅದು ಸುಮಾರು 6.5 ಕೋಟಿ ಅಮೆರಿಕನ್ ಡಾಲರಿಗೆ ಹೋಯಿತು. ಬೆಲೆಯ ಸುದ್ದಿಯೇ ಜಾಸ್ತಿ ಓಡಾಡಿದ್ದು ನನಗೆ ಬೇಸರ, ಚಿತ್ರದ ಬಗ್ಗೆ ಮಾತಾಡುವುದು ಬೇಕಾದಷ್ಟಿದೆ.

ಕೊಡುಕೊಳ್ಳುವಿಕೆ ಎರಡೂ ಕಡೆಯಿಂದ ನಡೆದಿದೆ. ಅಮೆರಿಕದ ಚಿತ್ರಕಾರ ಮಾರ್ಕ್ ಟೋಬಿ 1920ರ ದಶಕದಲ್ಲೇ ಚೀನೀ ಕಲಾವಿದರೊಬ್ಬರಿಂದ ಕುಂಚ ಹಿಡಿಯುವುದನ್ನು ಕಲಿತರು. ಜಪಾನಿನ ಕುಂಚಬರಹಗಾರ ಮೊರಿಟಾ ಶಿರ್ಯು 1951ರಲ್ಲಿ ಶುರುಮಾಡಿದ ಬೊಕುಬಿ ಎಂಬ ಕುಂಚಬರಹದ ಪತ್ರಿಕೆಯ ಮೊದಲ ಸಂಚಿಕೆಯ ಮುಖಪುಟದಲ್ಲಿ ಅಮೆರಿಕದ ಫ್ರಾಂಜ್ ಕ್ಲೈನ್ ಚಿತ್ರ ಇತ್ತು.

ಅಕ್ಷರವನ್ನು ಪೂರ್ತಿ ಬಿಡಬೇಕಾ ಅನ್ನುವುದರಲ್ಲಿ ಮಾತ್ರ ಇವರೆಲ್ಲ ಒಂದೇ ದಾರಿ ಹಿಡಿಯಲಿಲ್ಲ. ಮೊರಿಟಾ ಅಕ್ಷರವನ್ನು ಬಿಡಲಿಲ್ಲ. ಅವರ ಜೊತೆಗಾರ ಇನೊಯೆ ಯುಇಚಿ 1950ರ ದಶಕದಲ್ಲಿ ಕೆಲಕಾಲ ಅಕ್ಷರವಿಲ್ಲದೆ ಬರೆದು ನೋಡಿ, ಮತ್ತೆ ಒಂದೊಂದೇ ದೊಡ್ಡ ಅಕ್ಷರಕ್ಕೆ ಮರಳಿದರು. ಜಪಾನಿನ ಕಲಾವಿದೆ ಶಿನೋಡಾ ತೋಕೊ ಅಕ್ಷರ ದಾಟಿ ಬರೀ ಗೆರೆಗೆ ಹೋದರು. 1956ರಲ್ಲಿ ನ್ಯೂಯಾರ್ಕ್‌ಗೆ ಹೋದ ಅವರಿಗೆ ಅಲ್ಲಿನ ಕಲೆ ಹಿಡಿಸಿತು, ಹವೆ ಹಿಡಿಸಲಿಲ್ಲ. ಒಣಗಾಳಿಗೆ ಮಸಿ ಬೇಗ ಆರಿಬಿಡುತ್ತಿತ್ತು, ಬೇಕಾದ ಹಾಗೆ ಹರಡುತ್ತಿರಲಿಲ್ಲ. 2 ವರ್ಷದಲ್ಲಿ ಜಪಾನಿಗೆ ವಾಪಸಾದರು, ನೂರು ವರ್ಷ ದಾಟಿದ ಮೇಲೂ ಅದೇ ಮಸಿಯಲ್ಲಿ ಕೆಲಸ ಮಾಡುತ್ತಿದ್ದರು.